ಅವ್ವ ಎರಡನೇ ಕೂಗಿಗೆ ಓಗೊಡುತ್ತಿದ್ದಳು

ಹೊರಗಿನಿಂದ ಯಾರಾದರೂ ಹೆಸರು ಹಿಡಿದು ಕರೆದರೆ ನಮ್ಮವ್ವ ಮೊದಲ ಕೂಗಿಗೆ ಓ ಎನ್ನುತ್ತಿರಲಿಲ್ಲ. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತವಳು ಲಾಳಿಯನ್ನು ತಡೆದು ಹಿಡಿದು, ಉಸಿರು ಬಿಗಿಹಿಡಿದು ಕಾಯುತ್ತಿದ್ದಳು. ಎರಡನೇ ಸಲ ಕರೆದರೆ ಮಾತ್ರ, "ಬಂದೆ ತಡೀರಿ" ಎಂದು ಏಳುತ್ತಿದ್ದಳು. ಸಣ್ಣವಳಿದ್ದಾಗ ಅವ್ವನಿಗೆ ಕಿವಿ ಮಂದ ಎಂದುಕೊಂಡಿದ್ದೆ. ಆದರೆ ಅಡುಗೆಮನೆಯ ಮೂಲೆಯಲ್ಲಿ ನಾನು ಬೆಲ್ಲದ ಡಬ್ಬಿಯ ಮುಚ್ಚಳ ತೆಗೆದರೆ ಅದು ಮಾತ್ರ ಪಡಸಾಲೆಯವರೆಗೆ ಕೇಳುತ್ತಿತ್ತು.

ಇಳಕಲ್ಲಿನ ನಮ್ಮ ಮನೆ ಎಂದರೆ ಒಂದು ಪಡಸಾಲೆ, ಅದರ ತುಂಬ ಮಗ್ಗ, ಉಳಿದ ಸಂದಿಯಲ್ಲಿ ನಾವು. ಮಗ್ಗದಲ್ಲಿ ಕೂತವರ ಬೆನ್ನ ಹಿಂದೆ ಗೋಡೆ. ನೇಯ್ದು ನೇಯ್ದು ಸಾಕಾದಾಗ ತಲೆ ಆನಿಸುವ ಕಡೆ ಎಣ್ಣೆಯ ಕಲೆ ಬೀಳುವುದು ಎಲ್ಲ ನೇಕಾರರ ಮನೆಯಲ್ಲೂ ಇದ್ದದ್ದೇ. ನಮ್ಮ ಗೋಡೆಯಲ್ಲಿ ಎರಡು ಕಲೆಗಳಿದ್ದವು. ಒಂದು ಅವ್ವನ ತಲೆಯ ಎತ್ತರಕ್ಕೆ. ಇನ್ನೊಂದು ಅದಕ್ಕಿಂತ ಒಂದು ಗೇಣು ಮೇಲೆ. ದಸರೆಗೆ ಸುಣ್ಣ ಹೊಡೆಯುವಾಗ ಅವ್ವ ಕುಂಚವನ್ನು ಮೇಲಿನ ಕಲೆಯ ಸುತ್ತ ಒಯ್ದು ತಿರುಗಿಸಿಬಿಡುತ್ತಿದ್ದಳು. ತನ್ನ ಕಲೆಯ ಮೇಲೆ ಸುಣ್ಣ ಬಿದ್ದರೂ ಚಿಂತೆಯಿಲ್ಲ, ಮೇಲಿನದರ ಮೇಲೆ ಒಂದು ಹನಿಯೂ ಬೀಳುವಂತಿಲ್ಲ.

"ಅದು ಅಕ್ಕಂದು" ಎನ್ನುತ್ತಿದ್ದಳು, ಅಷ್ಟೇ.

ಅಕ್ಕ ಎಂದರೆ ಅಪ್ಪನ ಮೊದಲ ಹೆಂಡತಿ. ಹೆರಿಗೆಯಲ್ಲಿ ಕೂಸಿನ ಸಮೇತ ಹೋದವಳು. ಅವಳು ಹೋದ ಮರುವರ್ಷ ಅಪ್ಪ ನಮ್ಮವ್ವನನ್ನು ಬೇವೂರಿನಿಂದ ಮದುವೆಯಾಗಿ ತಂದದ್ದು. ಎರಡನೇ ಸಂಬಂಧಕ್ಕೆ ಬಂದವಳ ಕೊರಳಿಗೆ ಸತ್ತ ಸವತಿಯ ಗುರುತಾಗಿ ಬೆಳ್ಳಿಯ ಪುಟ್ಟ ತಗಡೊಂದನ್ನು ಕಟ್ಟುವ ಪದ್ಧತಿ ನಮ್ಮವರಲ್ಲಿತ್ತು. ತಗಡಿನ ಮೇಲೆ ಒಂದು ಹೆಣ್ಣಿನ ರೂಪ. ಕಣ್ಣಿಗೆ ಎರಡು ಚುಕ್ಕಿ, ಬಾಯಿಯೇ ಇಲ್ಲ. ಅವ್ವ ತನಗೆಂದು ನೇಯ್ದುಕೊಂಡ ಸೀರೆಯನ್ನೂ ಮೊದಲು ಆ ತಗಡಿಗೆ ಮುಟ್ಟಿಸಿ, "ಅಕ್ಕಾ, ನೀ ಉಟ್ಟು ಕೊಡು" ಎಂದು ಮೂರು ದಿನ ಮಡಚಿಟ್ಟು ಆಮೇಲೆ ಉಡುತ್ತಿದ್ದಳು. ಅಪ್ಪ ತೀರಿಕೊಂಡ ದಿನ ತಾಳಿ ತೆಗೆದರು. ತಗಡನ್ನು ತೆಗೆಯಲು ಬಂದ ಮುದುಕಿಯ ಕೈಯನ್ನು ಅವ್ವ ಗಟ್ಟಿಯಾಗಿ ಹಿಡಿದುಕೊಂಡಳು. "ಅಂವ ಹೋದ್ರ ಹೋದ. ಈಕಿ ಎಲ್ಲಿ ಹೋಗ್ಯಾಳ?" ಎಂದಳು. ಆ ಮಾತು ಈಗಲೂ ನನ್ನನ್ನು ಹೆದರಿಸುತ್ತದೆ.

ಆದರೆ ಆ ದಿನಗಳಲ್ಲಿ ನನಗೆ ಬರುತ್ತಿದ್ದದ್ದು ಸಿಟ್ಟು. ನಾನು ಬಾಗಲಕೋಟೆಯಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮಾಡಿಕೊಂಡು ಬಂದವಳು. ಅಣೆಕಟ್ಟಿನ ಹಿನ್ನೀರು ಬರುತ್ತದೆಂದು ಹಳೇ ಊರಿನ ಜನ ಬಾಗಿಲು, ಕಿಟಕಿ, ತೊಲೆಗಳನ್ನೆಲ್ಲ ಕಿತ್ತುಕೊಂಡು ನವನಗರಕ್ಕೆ ಸಾಗುತ್ತಿದ್ದ ಕಾಲ ಅದು. ಬಾಗಿಲಿಲ್ಲದ ಓಣಿಗಳನ್ನು ದಾಟಿ ದಿನಾ ಕ್ಲಾಸಿಗೆ ಹೋಗಿ ಬಂದರೂ ನಾನು ಒಂದು ದಿನವೂ ಹೆದರಿದವಳಲ್ಲ. ಲೆಕ್ಕಕ್ಕೆ ಸಿಗದಿದ್ದದ್ದು ಲೋಕದಲ್ಲಿಲ್ಲ ಎನ್ನುವ ಜಾತಿ ನಾನು. ಹುನಗುಂದದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಹೇಳುವ ಕೆಲಸ ಸಿಕ್ಕ ಮೇಲಂತೂ ನನ್ನ ಕಾಲು ನೆಲಕ್ಕೆ ನಿಲ್ಲುತ್ತಿರಲಿಲ್ಲ.

ಎರಡು ಸಾವಿರದ ನಾಲ್ಕರ ಸುಮಾರಿಗೆ ನಮ್ಮ ನೇಕಾರರ ಸಂಘದ ಕಾರ್ಯದರ್ಶಿ ಮನೆಗೆ ಬಂದರು. ಅಪ್ಪನ ಗೆಳೆಯರು, ಅವ್ವನನ್ನು ಅತ್ತಿಗೆಯ ಸಲಿಗೆಯಿಂದ ವೈನಿ ಎನ್ನುವವರು.

"ತಂಗಿ, ಸಂಘದ್ದೊಂದು ವೆಬ್‌ಸೈಟ್ ಮಾಡಿಕೊಡವಾ. ಪುಣೆ, ಸೊಲ್ಲಾಪುರದವ್ರು ನೋಡ್ಲಿ. ನೇಕಾರ್ರ ಹೆಸರು, ಫೋಟೋ ಎಲ್ಲಾ ಬರ್ಬೇಕು. ಆ ಪಟ್ಟಿ ಹಿಡಕೊಂಡ ಕಾರ್ಡ್ ಮಾಡಸ್ತೀವಿ. ಇನ್ನ ಮುಂದ ಕಾರ್ಡ್ ಇದ್ದವ್ರಿಗೆ ನೂಲು."

ಮಗ್ಗದಿಂದ ಅವ್ವ ಕೇಳಿದಳು: "ಕಾರ್ಡಿನ ಮ್ಯಾಲ ಹೆಸರು ಇರತದೇನ್ರಿ?"

"ಹೆಸರಿಲ್ಲದ ಕಾರ್ಡ್ ಎಲ್ಲೇ ಇರತದ ವೈನಿ!" ಎಂದು ಅವರು ನಕ್ಕರು. ಅವ್ವ ನಗಲಿಲ್ಲ.

ಸಂಘದಲ್ಲಿ ನೂಲು ಹಂಚಿದ ದಪ್ಪ ಪುಸ್ತಕಗಳಿದ್ದವು, ಸಂಘ ಹುಟ್ಟಿದ ವರ್ಷದಿಂದ ಹಿಡಿದು. ಪ್ರತಿ ಸಾಲಿನಲ್ಲೂ ಸದಸ್ಯರ ನಂಬರು, ಹೆಸರು, ಗಂಡನದೋ ಅಪ್ಪನದೋ ಹೆಸರು, ಓಣಿ, ವಯಸ್ಸು, ಷರಾ. ಎರಡು ತಿಂಗಳು ಕೂತು ಅದನ್ನೆಲ್ಲ ಕಂಪ್ಯೂಟರಿಗೆ ಹೊಡೆದೆ. ಒಬ್ಬೊಬ್ಬರ ಹೆಸರೂ ನೂರಾರು ಸಲ ಬಂದಿತ್ತು. ಪುಟದ ಮೇಲೆ ಮಾತ್ರ ಪ್ರತಿಯೊಬ್ಬರೂ ಒಂದೇ ಸಲ ಬರಬೇಕು. ನಾನು ಮಾಡಿದ್ದು ಸರಳ ಕೆಲಸ: ಹೆಸರು, ಗಂಡನ ಹೆಸರು, ಓಣಿ ಈ ಮೂರನ್ನೂ ಜೋಡಿಸಿ ಒಂದು ಚೀಟಿ, ಚೀಟಿಗೊಂದು ಡಬ್ಬಿ. ಅದೇ ಚೀಟಿ ಮತ್ತೆ ಬಂದರೆ ಕಂಪ್ಯೂಟರು ಹೊಸ ಡಬ್ಬಿ ಇಡುವುದಿಲ್ಲ. ಕೊನೆಗೆ ಒಂದು ಸುತ್ತು ಹಾಕಿ, ಒಂದೊಂದೇ ಡಬ್ಬಿ ತೆರೆದು, ಒಂದೊಂದು ಸಾಲು ಮುದ್ರಿಸುವುದು.

ಅವ್ವನಿಗೆ ಇದನ್ನು ವಿವರಿಸಿದಾಗ ಆಕೆ ಹಳೇ ಹಾಸಿನ ತುದಿಗೆ ಹೊಸ ಹಾಸನ್ನು ಕೂಡಿಸುತ್ತ ಕೂತಿದ್ದಳು. ಮಗ್ಗದಲ್ಲಿ ಸೀರೆ ಮುಗಿದ ಮೇಲೆ ಹಳೆಯ ಎಳೆಗಳ ತುದಿ ಉಳಿದಿರುತ್ತದಲ್ಲ, ಅದಕ್ಕೆ ಹೊಸ ಎಳೆಯನ್ನು ಬೂದಿ ಹಚ್ಚಿದ ಬೆರಳಲ್ಲಿ ಹೊಸೆದು ಕೂಡಿಸುವುದು. ಸಾವಿರಾರು ಎಳೆ, ಒಂದೊಂದಕ್ಕೂ ಒಂದೇ ಹೊಸೆತ.

"ಇದ ಮಾಡ್ತದೇನು ನಿನ್ನ ಕಂಪ್ಯೂಟರು? ಒಂದು ಎಳಿ ಬಿಡಬಾರದು, ಒಂದು ಎಳಿಗೆ ಎರಡು ಸಲ ಕೈ ಹಚ್ಚಬಾರದು?"

"ಹೂಂ, ಅಷ್ಟ."

"ಮತ್ತ ಎರಡೆಳಿ ಒಂದಕ್ಕೊಂದು ಅಂಟಿಕೊಂಡಿದ್ರ?"

"ಅಂಟೂದಿಲ್ಲಬೇ" ಎಂದೆ. ಎಷ್ಟು ಧಿಮಾಕಿನಿಂದ ಅಂದೆನೋ!

ಫೋಟೋಗಳನ್ನು ಕಾರ್ಯದರ್ಶಿಗಳೇ ಸದಸ್ಯತ್ವದ ಅರ್ಜಿಗಳಿಂದ ಸ್ಕ್ಯಾನ್ ಮಾಡಿಸಿ, ಆಯಾ ಹೆಸರಿಟ್ಟು ಸಿಡಿಯಲ್ಲಿ ಕೊಟ್ಟರು; ಮೊದಲು ಹಳೆಯ ಅರ್ಜಿಗಳ ಒಂದು ಸಿಡಿ, ಹದಿನೈದು ದಿನ ಬಿಟ್ಟು ಹೊಸ ಅರ್ಜಿಗಳ ಇನ್ನೊಂದು. ಸಿಡಿ ಬಂದ ಹಾಗೆ ಏರಿಸಿದೆ. ಪುಟ ತಯಾರಾಯಿತು. ನಾನು ಹುನಗುಂದದಲ್ಲಿ ತೆರೆದು ನೋಡಿದೆ. ಅವ್ವನ ಹೆಸರಿತ್ತು, ವಯಸ್ಸು ಸರಿಯಿತ್ತು, ಫೋಟೋದಲ್ಲಿ ಅವ್ವ ಕ್ಯಾಮೆರಾಕ್ಕೆ ಹೆದರಿ ಕಣ್ಣರಳಿಸಿ ಕೂತಿದ್ದಳು. ಸಾಕೆನಿಸಿತು.

ನಾನು ಚಿತ್ರ ಬಿಟ್ಟು ಅಕ್ಷರವಷ್ಟೇ ಮುದ್ರಿಸಿ ಕಳಿಸಿದ್ದ ಪಟ್ಟಿ ನೋಡಿ ಮೂರು ದಿನಕ್ಕೆ ಕಾರ್ಯದರ್ಶಿ ಕೇಂದ್ರಕ್ಕೆ ಫೋನ್ ಮಾಡಿದರು.

"ತಂಗಿ, ನಿಮ್ಮವ್ವ ಪಟ್ಟ್ಯಾಗ ಮೂರನೇದಾಕಿ ಹ್ಯಾಂಗಾದ್ಲು? ಸಂಘ ಚಾಲೂ ಆದಾಗ ವೈನಿ ಇನ್ನ ಪಾಟಿ ಹಿಡಕೊಂಡ ಬೇವೂರ ಸಾಲಿಗೆ ಹೊಂಟಿದ್ಲು!"

ಹೌದಲ್ಲ ಎನಿಸಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನೂ ಮೊದಲು ಪುಸ್ತಕವೇ ತಪ್ಪು ಎಂದೆ. ಆಮೇಲೆ ಹೊಡೆದ ಸಾಲುಗಳನ್ನು ಹುಡುಕಿದೆ. ಸಂಘದ ಮೊಟ್ಟಮೊದಲ ವರ್ಷದ ಮೂರನೇ ಸಾಲಿನಲ್ಲಿ ಅವ್ವನ ಹೆಸರಿತ್ತು. ಅಪ್ಪನ ಹೆಸರು. ನಮ್ಮ ಓಣಿ. ವಯಸ್ಸು ಇಪ್ಪತ್ತೊಂದು. ಆ ಸಾಲನ್ನು ನನ್ನ ಕೈಯಾರೆ ನಾನೇ ಹೊಡೆದಿದ್ದೆ, ಗಮನಿಸಿರಲಿಲ್ಲ. ಆ ವರ್ಷ ನಮ್ಮವ್ವನಿಗೆ ಹತ್ತು ತುಂಬಿತ್ತೋ ಇಲ್ಲವೋ.

ಡಬ್ಬಿಯ ಗುಣ ಹಾಗೆ. ಅದೇ ಚೀಟಿ ಎರಡನೇ ಸಲ ಬಂದರೆ ಒಳಗಿದ್ದದ್ದನ್ನು ಚೆಲ್ಲಿ ಹೊಸದನ್ನು ತುಂಬುತ್ತದೆ, ಡಬ್ಬಿ ಮಾತ್ರ ಮೊದಲಿದ್ದ ಜಾಗದಲ್ಲೇ ಇರುತ್ತದೆ. ಜಾಗ ಮೊದಲು ಬಂದವಳದು, ಅದರಲ್ಲಿ ಕೂತವಳು ಆಮೇಲೆ ಬಂದವಳು. ಸರಿ, ಮೊದಲು ಬಂದದ್ದನ್ನೇ ಉಳಿಸಿಕೋ ಎಂದು ಪ್ರೋಗ್ರಾಮನ್ನು ತಿರುಗಿಸಿ ಬರೆದೆ. ಈಗ ಮೂರನೇ ಸಾಲಿನಲ್ಲಿ ಇಪ್ಪತ್ತೊಂದರ ಹೆಂಗಸು ಬಂದಳು. ಪಕ್ಕದಲ್ಲಿ ಆಮೇಲೆ ಯಾರೋ ಬರೆದ ಷರಾ: ಮೃತ. ಕಾರ್ಡಿಗಾಗಿ ಬದುಕಿರುವವರನ್ನಷ್ಟೇ ಆರಿಸಿದರೆ ಆ ಸಾಲು ಉದುರಿ ಬಿತ್ತು. ಪಟ್ಟಿಯನ್ನು ಮೂರು ಸಲ ಮೇಲಿಂದ ಕೆಳಗೆ ಓದಿದೆ. ನಮ್ಮ ಓಣಿಯ ಎಲ್ಲರೂ ಇದ್ದರು. ನಲವತ್ತು ವರ್ಷ ನೇಯ್ದ ನಮ್ಮವ್ವ ಎಲ್ಲೂ ಇರಲಿಲ್ಲ.

ನಡುಹಗಲು, ತಲೆಯ ಮೇಲೆ ಫ್ಯಾನ್ ತಿರುಗುತ್ತಿತ್ತು, ಪಕ್ಕದ ಕೋಣೆಯಲ್ಲಿ ಟೈಪಿಂಗ್ ಕ್ಲಾಸು. ಆದರೂ ಆ ಕೋಣೆಯಲ್ಲಿ ಒಬ್ಬಳೇ ಕೂರಲಾಗಲಿಲ್ಲ. ಬರೆದದ್ದನ್ನು ಮೊದಲಿದ್ದ ಹಾಗೆ ಮಾಡಿ ಬಸ್ ಹತ್ತಿದೆ.

ಮನೆಗೆ ಬಂದು ಅವ್ವನ ಮುಂದೆ ಕೂತು ಕೇಳಿದೆ: "ಅಕ್ಕನ ಹೆಸರು ಏನು?"

ಲಾಳಿ ನಿಂತಿತು.

"ಯಾಕ?"

"ಪುಸ್ತಕದಾಗ ನಿನ್ನ ಹೆಸರಿನಾಕಿ ಇನ್ನೊಬ್ಬಾಕಿ ಅದಾಳ. ನೀ ಬರೂಕಿಂತ ಮೊದಲಿನಾಕಿ."

ಅವ್ವ ಹಾಸಿನ ಮೇಲೆ ಕೈಯಾಡಿಸಿದಳು. ಆಮೇಲೆ ಹೇಳಿದಳು. ಮದುವೆಯಾಗಿ ಹೊಸ್ತಿಲು ದಾಟಿದ ಮೇಲೆ ಸೊಸೆಗೆ ಹೊಸ ಹೆಸರಿಡುವುದು ನಮ್ಮಲ್ಲಿ ರೂಢಿ. ತಾಟಿನಲ್ಲಿ ಅಕ್ಕಿ ಹರವುತ್ತಾರೆ, ಗಂಡ ಉಂಗುರದಿಂದ ಅದರ ಮೇಲೆ ಹೆಸರು ಬರೆಯುತ್ತಾನೆ.

"ನಾ ಮೂರನೇತ್ತಾ ಓದಿದಾಕಿ. ತಾಟಿನ್ಯಾಗಿಂದು ಓದಿದೆ. ಅಕ್ಕನ ಹೆಸರು ಬರದಿದ್ದ ನಿಮ್ಮಪ್ಪ. ಬರದು ಮಾರಿ ತಿರುವಿದ. ನಿಮ್ಮಜ್ಜಿ ಬರಸ್ಯಾಳ. ಆ ಹೆಸರಿನ ಜಾಗಾ ಖಾಲಿ ಬಿಟ್ರ ಸತ್ತಾಕಿ ತಿರಿಗಿ ಬರ್ತಾಳ, ನೀ ಅದರಾಗ ಕೂತ್ರ ಬರಾಂಗಿಲ್ಲ ಅಂದ್ಲು."

"ಮತ್ತ ನಿನ್ನ ಹೆಸರು?"

ಅವ್ವ ಕೊರಳಿನ ತಗಡನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. "ಇದನ್ನ ಮುಟ್ಟಿಸಿ ಆಣಿ ಮಾಡಿಸ್ಯಾಳ. ತವರಿನ ಹೆಸರು ನನ್ನ ಬಾಯಿಂದ ಬರಬಾರದು."

ನನಗೆ ಸಿಟ್ಟು ನೆತ್ತಿಗೇರಿತು. ಸತ್ತ ಅಜ್ಜಿಯನ್ನು ಬೈದೆ, ಸತ್ತ ಅಪ್ಪನನ್ನು ಬೈದೆ. ಇಪ್ಪತ್ತೇಳು ವರ್ಷ ಈಕೆಯ ಮಗಳಾಗಿದ್ದು ಈಕೆಯ ಹೆಸರೇ ನನಗೆ ಗೊತ್ತಿಲ್ಲ! ಬಾಯಿಂದ ಬೇಡ, ಬರೆದು ಕೊಡು ಎಂದು ಪೆನ್ನು ಹಿಡಿದೆ. "ಬಾಯಿ ಬ್ಯಾರೆ ಅಲ್ಲ, ಕೈ ಬ್ಯಾರೆ ಅಲ್ಲ" ಎಂದಳು. ಹೊರಗೆ ಯಾರೋ ಅವ್ವನ ಹೆಸರು ಹಿಡಿದು ಕರೆದರು, ಲಾಳಿಗೆ ಹಾಕುವ ನೂಲಿನ ಕಂಡಿಕಿ ಕೇಳಲು ಬಂದ ಪಕ್ಕದ ಮನೆಯವಳಿರಬೇಕು. ನಾವಿಬ್ಬರೂ ಸುಮ್ಮನೆ ಕೂತೆವು. ಆ ಮೊದಲ ಕೂಗು ಯಾರಿಗಾಗಿ ಬಿಟ್ಟದ್ದೆಂದು ಆಗ ನನಗೆ ತಿಳಿಯಿತು. ಪಕ್ಕದವಳು ಎರಡನೇ ಸಲ ಕರೆಯುವ ತನಕ ನಾನು ಬಾಗಿಲ ಕಡೆ ನೋಡಲಿಲ್ಲ.

ಮರುದಿನ ಅವ್ವ, "ನನ್ನ ಕರಕೊಂಡ ಹೋಗು, ಆ ಪಟ್ಟಿ ನೋಡ್ತೇನಿ" ಎಂದಳು. ಸಂಘದ ಕಚೇರಿ ಎರಡು ಓಣಿ ಆಚೆ. ಕಾರ್ಯದರ್ಶಿ ಕುರ್ಚಿ ಎಳೆದು ಕೊಟ್ಟರು. ಪುಟ ತೆರೆಯಿತು. ಅಲ್ಲಿನ ಇಂಟರ್ನೆಟ್ಟು ಎಮ್ಮೆಯ ನಡಿಗೆಯದು, ಮೊದಲು ಅಕ್ಷರ ಬರುತ್ತಿದ್ದವು, ಆಮೇಲೆ ಚಿತ್ರ. ಮೂರನೇ ಸಾಲಿನಲ್ಲಿ ಹೆಸರು ಬಂತು. ವಯಸ್ಸು ಐವತ್ತಾರು, ಸರಿ. ಅದರ ಪಕ್ಕದಲ್ಲಿ ಚಿತ್ರ ಮೂಡಿತು.

ಅದು ಅವ್ವನಲ್ಲ.

ಇಪ್ಪತ್ತು ದಾಟಿದ ಒಬ್ಬ ಹೆಂಗಸು. ಉದ್ದ ಮುಖ, ಉದ್ದ ಕತ್ತು, ಹಣೆಯ ತುಂಬ ಕುಂಕುಮ, ಬಿಗಿದ ತುಟಿ. ನೇರ ನಮ್ಮನ್ನೇ ನೋಡುತ್ತಿದ್ದಳು. ನಮ್ಮ ಮನೆಯಲ್ಲಿ ಆಕೆಯ ಒಂದೂ ಪಟವಿರಲಿಲ್ಲ. ಮೊನ್ನೆಯಷ್ಟೇ ಹುನಗುಂದದಲ್ಲಿ ಇದೇ ಸಾಲಿನ ಮುಂದೆ ಅವ್ವನ ಮುಖವನ್ನು ನಾನು ನೋಡಿದ್ದೆ, ಆಮೇಲೆ ಯಾರೂ ಅದನ್ನು ಮುಟ್ಟಿರಲಿಲ್ಲ.

ಅವ್ವ ಕುರ್ಚಿಯಿಂದ ಎದ್ದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ದೊಡ್ಡವರ ಮುಂದೆ ನಿಲ್ಲುವಂತೆ ಒಂದು ಬದಿಗೆ ಸರಿದು ನಿಂತಳು.

"ಬಂದ್ಯಾ ಅಕ್ಕಾ?" ಎಂದಳು. "ಹಿಂಗ ಇದ್ದೇನು ನೀ."

ಕಾರ್ಯದರ್ಶಿ ಕೈಯಲ್ಲಿದ್ದ ಚಹಾದ ಕಪ್ಪನ್ನು ಕೆಳಗಿಡಲೂ ಇಲ್ಲ, ಕುಡಿಯಲೂ ಇಲ್ಲ. ನಾನು ಮೌಸ್ ಹಿಡಿದೆ.

ಕಾರಣ ಸಿಕ್ಕಿತು, ಸಿಗದೆ ಎಲ್ಲಿ ಹೋಗುತ್ತದೆ? ಹಳೆಯ ಅರ್ಜಿಗಳ ಸಿಡಿಯಲ್ಲಿ ಅಕ್ಕನ ಫೋಟೋ ಇತ್ತು, ಹೊಸದರಲ್ಲಿ ಅವ್ವನದು, ಎರಡಕ್ಕೂ ಒಂದೇ ಹೆಸರು. ಎರಡನೆಯದು ಮೊದಲಿನದನ್ನು ಅಳಿಸಿ ಕೂತಿತ್ತು. ಆದರೆ ಕಚೇರಿಯ ಕಂಪ್ಯೂಟರು ಮೊದಲ ಸಿಡಿ ಏರಿಸಿದ ದಿನವೇ ಪುಟವನ್ನು ತೆರೆದು, ಆ ಚಿತ್ರವನ್ನು ತನ್ನ ಹೊಟ್ಟೆಯಲ್ಲಿಟ್ಟುಕೊಂಡಿತ್ತು. ಅದೇ ಹೆಸರಿನ ಚಿತ್ರ ಕೇಳಿದಾಗ ಹೊಸದನ್ನು ತರುವ ಕಷ್ಟ ಬೇಡವೆಂದು ಹಳೆಯದನ್ನೇ ತೋರಿಸಿತು. ನಾನು ಇದನ್ನೆಲ್ಲ ಕಾರ್ಯದರ್ಶಿಗಳಿಗೆ ವಿವರಿಸಿದೆ. ಅವರು ತಲೆಯಾಡಿಸಿದರು. ಅವ್ವನಿಗೂ ಹೇಳಿದೆ. ಅವ್ವ, "ಹೌದೇಳು, ಹೊಟ್ಟ್ಯಾಗ ಇಟಗೊಂಡಿತ್ತು" ಎಂದಳು. ನನ್ನ ವಿವರಣೆಯಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಆದರೂ ಎರಡು ದಿನ ನನಗೆ ಮಗ್ಗದ ಹಿಂದಿನ ಗೋಡೆಯನ್ನು ನೋಡಲಾಗಲಿಲ್ಲ. ಆ ಉದ್ದ ಕತ್ತಿಗೆ ಮೇಲಿನ ಕಲೆಯ ಎತ್ತರ ಸರಿಯಾಗಿ ಹೊಂದುತ್ತಿತ್ತು.

ಮೂರನೇ ದಿನ ಅವ್ವ ರೊಟ್ಟಿ ಬಡಿಯುತ್ತ, ನನ್ನ ಕಡೆ ನೋಡದೆಯೇ ಹೇಳಿದಳು.

"ನಾ ಇನ್ನ ಎಷ್ಟ ದಿನ ಇರ್ತೇನಿ. ನಾ ಸತ್ತಮ್ಯಾಲ ನೀ ಎಡಿ ಹಿಡದು ನನ್ನ ಕರೀತಿ. ಆ ಹೆಸರಿಗೆ ಮೊದಲ ಆಕಿ ಬರ್ತಾಳ, ಆಕೀದ ಅದು. ಉಂಡು ಹೋಗ್ತಾಳ. ನಾ ಹೊರಗ ನಿಂತಿರ್ತೇನಿ."

ರೊಟ್ಟಿ ಹಂಚಿನ ಮೇಲೆ ಉಬ್ಬಿ ಸೀದುಹೋಯಿತು, ಇಬ್ಬರೂ ತೆಗೆಯಲಿಲ್ಲ. ಸತ್ತ ಮೇಲೆ ಯಾರೂ ಬಂದು ಉಣ್ಣುವುದಿಲ್ಲ ಎಂದು ಹೇಳಲು ನನ್ನ ನಾಲಿಗೆ ಏಳಲಿಲ್ಲ. ನಮ್ಮವ್ವ ಯಾರದೋ ಬಾಗಿಲ ಹೊರಗೆ ಹಸಿದು ನಿಂತ ಚಿತ್ರ ಕಣ್ಣಿಗೆ ಕಟ್ಟಿತು, ನಾನು ಅತ್ತುಬಿಟ್ಟೆ. ಅಪ್ಪ ಸತ್ತಾಗಲೂ ಹಾಗೆ ಅತ್ತಿರಲಿಲ್ಲ.

"ಅಳಬ್ಯಾಡ" ಎಂದಳು. "ನಾ ಹೇಳೂದಿಲ್ಲ. ಆದ್ರ ಬೇವೂರ ಸಾಲ್ಯಾಗ ಬರದಾರ."

ತವರಿನಲ್ಲಿ ಹೇಳುವವರು ಯಾರೂ ಉಳಿದಿರಲಿಲ್ಲ. ಆಕೆಯ ಅಣ್ಣ ತೀರಿಕೊಂಡಿದ್ದ, ಅವನ ಮಕ್ಕಳಿಗೆ ಆಕೆ ಬರೀ ಅತ್ತಿ. ಸೋಮವಾರ ಬೆಳಿಗ್ಗೆ ನಾವಿಬ್ಬರೂ ಹೊರಟೆವು. ಹುನಗುಂದದಲ್ಲಿ ಬಸ್ ಬದಲಿಸಿದೆವು. ಅವ್ವ ದಾರಿಯುದ್ದಕ್ಕೂ ತಗಡನ್ನು ಕುಪ್ಪಸದೊಳಗೆ ಸೇರಿಸಿ ಅದರ ಮೇಲೆ ಕೈ ಇಟ್ಟುಕೊಂಡಿದ್ದಳು, ಮಲಗಿದ ಕೂಸಿನ ಕಿವಿ ಮುಚ್ಚಿದಂತೆ.

ಶಾಲೆಯ ಹೆಡ್‌ಮಾಸ್ತರರು ವಯಸ್ಸಾದವರು, ನಿವೃತ್ತಿಗೆ ಹತ್ತಿರ ಬಂದವರು. ದಾಖಲಾತಿಯ ಹಳೆಯ ಪುಸ್ತಕವನ್ನು ಟ್ರಂಕಿನಿಂದ ತೆಗೆಸಿದರು. ಅವ್ವನ ಅಪ್ಪನ ಹೆಸರು, ಅಂದಾಜಿನ ವರ್ಷ ಹೇಳಿದೆ.

"ತಂದಿ ಹೆಸರಿನ ಕಡೀದೆಲ್ಲ ಹುಳ ತಿಂದಾವ್ರಿ ಬಾಯಾರ" ಎಂದರು. "ಮಕ್ಕಳ ಹೆಸರು ಅದಾವ. ಒಂದೊಂದ ಓದತೇನಿ. ನಿಮ್ಮ ತಾಯಾರು ಗುರ್ತ ಹಿಡೀಲಿ. ಒಳಗ ಬರ್ರಿ ಅನ್ರಿ."

ಅವ್ವ ಒಳಗೆ ಬರಲಿಲ್ಲ. ಬಾಗಿಲ ಹೊರಗೆ, ಚಪ್ಪಲಿ ಬಿಡುವ ಜಾಗದಲ್ಲಿ, ಗೋಡೆಗೆ ಆನಿಕೊಂಡು ನಿಂತಳು. ಮಕ್ಕಳೆಲ್ಲ ಊಟಕ್ಕೆ ಹೋಗಿದ್ದರು. ಬಿಸಿಲಿಗೆ ಅಂಗಳ ಬಿಳುಚಿಕೊಂಡಿತ್ತು, ಬೇವಿನ ಮರದಲ್ಲಿ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ.

ಮಾಸ್ತರರು ಕನ್ನಡಕ ಏರಿಸಿ, ಪುಟದ ಮೇಲೆ ಬೆರಳಿಟ್ಟು ಓದತೊಡಗಿದರು. ನಲವತ್ತು ವರ್ಷದ ಹಾಜರಿಯ ಚಟ. ಒಂದೊಂದು ಹೆಸರು ಕೂಗಿದ ಮೇಲೂ ಒಂದು ಗಳಿಗೆ ತಡೆದು, ಆಮೇಲೆ ಬೆರಳನ್ನು ಕೆಳಗೆ ಸರಿಸುತ್ತಿದ್ದರು. ಒಬ್ಬರನ್ನೂ ಬಿಡಲಿಲ್ಲ, ಒಬ್ಬರನ್ನೂ ಎರಡು ಸಲ ಕೂಗಲಿಲ್ಲ. ಖಾಲಿ ಶಾಲೆಯಲ್ಲಿ ಆ ಹೆಸರುಗಳು ಗೋಡೆಗೆ ಬಡಿದು ತಿರುಗಿ ಬರುತ್ತಿದ್ದವು. ಅವರಲ್ಲಿ ಎಷ್ಟು ಜನ ಮಣ್ಣಾಗಿದ್ದರೋ. ಪ್ರತಿ ಹೆಸರಿನ ಹಿಂದಿನ ಮೌನದಲ್ಲಿ ಯಾರಾದರೂ ಓ ಎಂದುಬಿಟ್ಟಾರೆಂದು ನಾನು ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದು ಕೂತಿದ್ದೆ.

ಹನ್ನೊಂದನೆಯದೋ ಹನ್ನೆರಡನೆಯದೋ ಇರಬೇಕು. ಒಂದು ಸಣ್ಣ ಹೆಸರು, ನಾನು ಯಾವತ್ತೂ ಕೇಳಿರದ ಹೆಸರು. ಮಾಸ್ತರರು ಅದನ್ನು ಕೂಗಿ, ರೂಢಿಯಂತೆ ತಡೆದರು.

"ಹಾಜರ್ರೀ!"

ಬಾಗಿಲ ಕಡೆಯಿಂದ ಬಂತು ಆ ದನಿ. ಎಳೆಯ ದನಿ. ಯಾವುದೋ ಹುಡುಗಿ ಬಂದು ನಿಂತಿದ್ದಾಳೆ ಎಂದೇ ತಿರುಗಿ ನೋಡಿದೆ. ಅವ್ವ ಬೆನ್ನು ನೆಟ್ಟಗೆ ಮಾಡಿ, ಬಲಗೈ ಎತ್ತಿ ನಿಂತಿದ್ದಳು. ಒಂದೇ ಕೂಗಿಗೆ ಓಗೊಟ್ಟಿದ್ದಳು. ಆಮೇಲೆ ತಾನು ಏನು ಮಾಡಿದೆನೆಂದು ಹೊಳೆದು, ಎತ್ತಿದ ಕೈಯಿಂದಲೇ ಬಾಯಿ ಮುಚ್ಚಿಕೊಂಡಳು.

ಮಾಸ್ತರರು ಕನ್ನಡಕ ತೆಗೆದರು. ಆಮೇಲೆ ಪ್ರಮಾಣಪತ್ರ ಬರೆದುಕೊಟ್ಟು, ಹೊರಗೆ ಬಂದು ಅವ್ವನಿಗೆ ಕೈ ಮುಗಿದರು.

ಮನೆಗೆ ಬಂದವಳೇ ಅವ್ವ ಕಾಲು ತೊಳೆದು, ತಗಡನ್ನು ಕೊರಳಿನಿಂದ ತೆಗೆದು ದೇವರ ಮಾಡದಲ್ಲಿಟ್ಟಳು. ಮುಂದೆ ಒಂದು ಬಟ್ಟಲು ಹಾಲು. "ಅಕ್ಕಾ, ನಿನ್ನ ಹೆಸರು ನಿನಗ ತಿರಿಗಿ ಕೊಟ್ಟೇನಿ. ಭಾಳ ದಿನ ಇಟಗೊಂಡೆ, ಹರಿದಿಲ್ಲ, ಮಾಸಿಲ್ಲ. ತಗೋ. ಬಾ ಅಂತ ಕರ್ಯಾಕತ್ತಿಲ್ಲ ಮತ್ತ, ಇದ್ದಲ್ಲೇ ಇರು" ಎಂದಳು. ನನಗೆ ನಗು ಬಂತು, ಅದರ ಬೆನ್ನಿಗೇ ಭಯವೂ ಬಂತು. ಆ ರಾತ್ರಿ ಏನೂ ಆಗಲಿಲ್ಲ. ಮರುದಿನವೂ ಆಗಲಿಲ್ಲ.

ಪುಟವನ್ನು ಹೊಸದಾಗಿ ಬರೆದೆ. ಚೀಟಿಯಲ್ಲಿ ಈಗ ಹೆಸರಿರಲಿಲ್ಲ, ಸದಸ್ಯರ ನಂಬರಿತ್ತು. ಮೊದಲೇ ಹಾಗೆ ಮಾಡಬೇಕಾಗಿತ್ತು, ನನ್ನ ವಿದ್ಯಾರ್ಥಿಗಳಿಗೆ ಹಾಗೆಯೇ ಮಾಡಲು ಹೇಳಿಕೊಡುತ್ತಿದ್ದೆ ಕೂಡ. ಊರಿಗೆ ಬುದ್ಧಿ ಹೇಳುವವಳು ನಾನು! ಸುತ್ತು ಹಾಕಿದಾಗ ಮೂರನೇ ಸಾಲಿನಲ್ಲಿ ಉದ್ದ ಕತ್ತಿನ ಹೆಂಗಸು, ತನ್ನ ಹೆಸರಿನೊಂದಿಗೆ, ತನ್ನ ಇಪ್ಪತ್ತೊಂದು ವರ್ಷದೊಂದಿಗೆ. ನಲವತ್ತೊಂದನೇ ಸಾಲಿನಲ್ಲಿ ಕಣ್ಣರಳಿಸಿದ ಅವ್ವ, ಬೇವೂರಿನ ಹೆಸರಿನೊಂದಿಗೆ. ಇಬ್ಬರ ಮುಂದೆಯೂ ಅಪ್ಪನ ಹೆಸರು, ಅದೇ ಓಣಿ. ಕಾರ್ಯದರ್ಶಿ ಶಾಲೆಯ ಪ್ರಮಾಣಪತ್ರವನ್ನು ಎರಡು ಸಲ ಓದಿ ಕಾರ್ಡಿಗೆ ಸಹಿ ಹಾಕಿದರು. ಅವ್ವ ಕಾರ್ಡನ್ನು ಮಗ್ಗದ ಕಂಬಕ್ಕೆ ಮೊಳೆ ಹೊಡೆದು ತೂಗುಹಾಕಿದಳು. ಆಗಾಗ ಲಾಳಿ ನಿಲ್ಲಿಸಿ, ಬೆರಳಿಟ್ಟು, ತುಟಿ ಅಲ್ಲಾಡಿಸದೆ ಓದಿಕೊಳ್ಳುತ್ತಿದ್ದಳು.

ಓಣಿಯವರು ಮಾತ್ರ ಅಕ್ಕನ ಹೆಸರಿನಿಂದಲೇ ಕರೆಯುತ್ತಿದ್ದರು. ಅವ್ವ ಎರಡನೇ ಕೂಗಿಗೆ ಓಗೊಡುತ್ತಿದ್ದಳು, ಮೊದಲಿನ ಹಾಗೆಯೇ.

ಅವ್ವ ಹೋಗಿ ಈಗ ಬಹಳ ವರ್ಷಗಳಾದವು. ಮಗ್ಗ ತೆಗೆದಿದ್ದೇನೆ. ಗೋಡೆಗೆ ಬಣ್ಣ ಹೊಡೆಯಲು ಬಂದವನಿಗೆ ಎರಡೂ ಕಲೆಗಳನ್ನು ಬಿಟ್ಟು ಹೊಡೆ ಎಂದೆ. ಅವನು ನನ್ನ ಮುಖವನ್ನು ಒಂದು ಥರ ನೋಡಿದ. ಲೆಕ್ಕಕ್ಕೆ ಸಿಗದ್ದು ಲೋಕದಲ್ಲಿಲ್ಲ ಎಂದು ಈಗಲೂ ಕ್ಲಾಸಿನಲ್ಲಿ ಹೇಳುತ್ತೇನೆ. ಆದರೆ ಮಹಾಲಯ ಅಮಾವಾಸ್ಯೆಯ ದಿನ ಎರಡು ಎಲೆ ಹಾಕಿ ಎರಡು ಎಡೆ ಹಿಡಿಯುತ್ತೇನೆ. ಮೊದಲು ಅಕ್ಕನ ಹೆಸರು ಹಿಡಿದು ಕರೆಯುತ್ತೇನೆ, ಆಕೆ ಹಿರಿಯಳು. ಆಮೇಲೆ ಅವ್ವನ ಹೆಸರು ಕೂಗಿ, ಮಾಸ್ತರರ ಹಾಗೆ ಒಂದು ಗಳಿಗೆ ತಡೆಯುತ್ತೇನೆ. ಎರಡನೇ ಸಲ ಕರೆಯುವುದಿಲ್ಲ.